ಗಿಯರಿನ ಹಲ್ಲಿಗೆ ಅರಿಶಿನ

ನಮ್ಮ ಕಾರನ್ನು ಎಳೆಯುವುದು ಮುಂದಿನ ಎರಡು ಗಾಲಿಗಳು ಮಾತ್ರ, ಹಿಂದಿನ ಎರಡು ಸುಮ್ಮನೆ ಉರುಳಿಕೊಂಡು ಬರುತ್ತವೆ ಎಂಬ ಸಂಗತಿ ನನಗೆ ತಿಳಿದದ್ದು ಅದು ಕೆಸರಿನಲ್ಲಿ ಹೂತ ದಿನ. ಸಾಂಗ್ಲಿವಾಡಿ ದಾಟಿ, ಡಾಂಬರು ಮುಗಿದ ಮೇಲೆ, ಕಬ್ಬಿನ ಹೊಲಗಳ ನಡುವಿನ ಬಂಡಿದಾರಿಯಲ್ಲಿ ಹೊರಟಿದ್ದೆವು. ಹಿಂದಿನ ಸಂಜೆ ಯಾರೋ ಹೊಲಕ್ಕೆ ಬಿಟ್ಟ ನೀರು ಬದು ಒಡೆದು ದಾರಿಗೆ ಹರಿದಿತ್ತು. ಕೃಷ್ಣಾ ದಂಡೆಯ ಎರೆಮಣ್ಣು ನೀರು ಕುಡಿದರೆ ಕಾಲಿಡಲು ಬಾರದಷ್ಟು ಮೆತ್ತಗಾಗುತ್ತದೆ. ಮುಂದಿನ ಗಾಲಿಗಳು ಸುತ್ತಿದಷ್ಟೂ ಕಾರು ಕೆಳಗಿಳಿಯಿತು. ಹಿಂದಿನವು ಕದಲಲೂ ಇಲ್ಲ.

ನನ್ನ ಪಕ್ಕದಲ್ಲಿದ್ದ ಸಿಸ್ಟರಬಾಯಿ ಮಿರಜಿನ ಆಸ್ಪತ್ರೆಯೊಂದರಲ್ಲಿ ಮೂವತ್ತು ವರ್ಷ ಹೆರಿಗೆ ಮಾಡಿಸಿ ನಿವೃತ್ತರಾದವರು. ಅವರು ಚಪ್ಪಲಿ ಕಳಚಿ, ಚೀಲವನ್ನು ತಲೆಯ ಮೇಲಿಟ್ಟುಕೊಂಡು ಕೆಳಗಿಳಿದರು. ಒಂದೂವರೆ ಮೈಲಿ ನಡೆದೆವು. ಕಬ್ಬು ಕಡಿಯುವವರ ಗುಡಿಸಲುಗಳನ್ನು ಮುಟ್ಟಿದಾಗ, ನಾವು ಯಾರಿಗಾಗಿ ಹೊರಟಿದ್ದೆವೋ ಆ ಹೆಂಗಸು ಆಗಲೇ ಹೆತ್ತಿದ್ದಳು. ಕರುಳಬಳ್ಳಿ ಕೂಸಿನ ಕೊರಳಿಗೆ ಸುತ್ತಿಕೊಂಡಿತ್ತು. ಅದನ್ನು ಸಡಿಲಿಸಲು ಬಲ್ಲ ಕೈ ಅಲ್ಲಿ ಯಾವುದೂ ಇರಲಿಲ್ಲ. ಕೂಸು ಅಳಲೇ ಇಲ್ಲ.

ಆ ಹೆಂಗಸಿನ ಪರಿಸ್ಥಿತಿಯನ್ನು ಇಲ್ಲಿ ಬಿಡಿಸಿ ಹೇಳಬೇಕು. ಏಕೆಂದರೆ ಅದು ವಿಧಿಯಲ್ಲ, ವ್ಯವಸ್ಥೆ. ವಿಜಯಪುರದ ಕಡೆಯಿಂದ ಪ್ರತಿ ವರ್ಷ ದೀಪಾವಳಿಯ ನಂತರ ಬರುವ ಈ ಜನರಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಕೂಡಿಸಿ ಒಂದು ‘ಕೊಯ್ತಾ’ ಎಂದು ಎಣಿಸುತ್ತಾರೆ. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಇಬ್ಬರು ಮನುಷ್ಯರು, ಎಣಿಕೆಗೆ ಒಂದು ಕತ್ತಿ. ಹೆಂಡತಿ ಗುಡಿಸಲಿನಲ್ಲಿ ಉಳಿದರೆ ಆ ಕತ್ತಿ ಅರ್ಧವಾಗುತ್ತದೆ, ಅರ್ಧ ಕತ್ತಿಯನ್ನು ಕೂಲಿ ಗುತ್ತಿಗೆದಾರ ಮುಕಾದಮ ಇಟ್ಟುಕೊಳ್ಳುವುದಿಲ್ಲ. ಆದ್ದರಿಂದ ತುಂಬಿದ ಬಸುರಿಯೂ ನೋವು ಬರುವ ತನಕ ಕಡಿದ ಕಬ್ಬಿನ ಮೋಳಿಗೆ, ಎಂದರೆ ಹೊರೆ, ಕಟ್ಟುತ್ತಾಳೆ. ಇದು ಮುಕಾದಮನ ತಪ್ಪು. ತನ್ನ ತೂಕದ ಕಟ್ಟೆಯವರೆಗೆ ಡಾಂಬರು ಹಾಕಿಸಿ, ಕಬ್ಬು ಕಡಿಯುವವರ ಗುಡಿಸಲಿನವರೆಗೆ ಒಂದು ಬುಟ್ಟಿ ಗರಸುಮಣ್ಣನ್ನೂ ಹಾಕಿಸದ ಸಕ್ಕರೆ ಕಾರ್ಖಾನೆಯ ತಪ್ಪು. ಬೇರೆ ರಾಜ್ಯದಿಂದ ಬಂದವರು ತನ್ನ ಪಟ್ಟಿಯಲ್ಲಿಲ್ಲ ಎಂದು ಕೈ ತೊಳೆದುಕೊಂಡ ಸರ್ಕಾರದ ತಪ್ಪು. ಆ ದಾರಿಯನ್ನು ಹತ್ತು ಸಲ ನೋಡಿಯೂ ಅದೇ ಕಾರಿನಲ್ಲಿ ಹೊರಟ ನಮ್ಮ ತಪ್ಪು. ನಾನು ಆಗ ಸಾಂಗ್ಲಿಯ ಶಾಲೆಯೊಂದರಲ್ಲಿ ಶಿಕ್ಷಕಿ. ಸಂಜೆ ಮತ್ತು ರಜೆಯ ದಿನಗಳು ಕೂಲಿಗಾರರ ಪರವಾಗಿ ನಮ್ಮ ಸಣ್ಣ ಬಳಗ ನಡೆಸುತ್ತಿದ್ದ ಚಳವಳಿಗೆ ಮೀಸಲು. ಕಲಿತದ್ದು ಮರಾಠಿಯಲ್ಲಿ, ಮನೆಮಾತು ಕನ್ನಡ. ಗುಡಿಸಲಿನ ಹೆಂಗಸರು ನನ್ನೊಂದಿಗೆ ಮನಬಿಚ್ಚಿ ಮಾತನಾಡುತ್ತಿದ್ದುದಕ್ಕೆ ಅದೊಂದೇ ಕಾರಣ.

ಅಂದು ಮರಳಿ ನಡೆಯುವಾಗ ಸಿಸ್ಟರಬಾಯಿ ಒಂದೇ ಮಾತು ಹೇಳಿದರು.

“ಮುಂದಿನ ವರ್ಷ ಈ ಗಾಡಿ ಗುಡಸಲ ಬಾಗಲತನಾ ಹೋಗಬೇಕು. ಇಲ್ಲಾಂದ್ರ ನಾ ಬರೂದಿಲ್ಲ ತಂಗಿ. ಸತ್ತ ಕೂಸು ನೋಡಾಕ ನಡದು ಬರೂ ವಯಸ್ಸು ಅಲ್ಲ ನಂದು.”

ಆ ಕಾರು ನಮಗೆ ಬಂದದ್ದು ಅರಿಶಿನದ ವ್ಯಾಪಾರಿಯೊಬ್ಬರಿಂದ. ಸಾಂಗ್ಲಿ-ಮಿರಜ ರಸ್ತೆಯ ಎರಡೂ ಬದಿಗೆ ಗಾಜಿನ ಮಳಿಗೆಗಳು ಏಳುತ್ತಿದ್ದ, ನಿನ್ನೆಯ ತನಕ ಸ್ಕೂಟರಿಗೆ ಸರತಿ ಹಚ್ಚಿದ್ದವರು ಕಾರಿನ ಬಣ್ಣ ಆರಿಸತೊಡಗಿದ್ದ ವರ್ಷಗಳವು. ವ್ಯಾಪಾರಿ ಹೊಸದಾಗಿ ಬಂದ ದೊಡ್ಡ ಕಾರು ಕೊಂಡು, ಹಳೆಯ ಪುಟ್ಟ ಕಾರನ್ನು ನಮ್ಮ ಬಳಗಕ್ಕೆ ಕೊಡುವುದಾಗಿ ಹೇಳಿದರು. ಹಮಾಲರ ಕೂಲಿಯ ವಿಷಯದಲ್ಲಿ ಅವರ ವಿರುದ್ಧವೇ ನಾವು ಪೇಟೆಯಲ್ಲಿ ಧರಣಿ ಕೂತಿದ್ದೆವು. ಇಂಥವರ ದಾನವನ್ನು ಸ್ವೀಕರಿಸುವುದು ಸರಿಯೇ ಎಂದು ನಾನೇ ಪ್ರಶ್ನೆ ಎತ್ತಿ, ಎರಡು ಸಂಜೆ ಚರ್ಚೆ ನಡೆಸಿದ್ದೆ. ಸಿಸ್ಟರಬಾಯಿ ಮಾತ್ರ ಕಾರಿನ ಹಿಂಬಾಗಿಲು ತೆರೆದು, ಸೀಟಿನ ಮೇಲೆ ಕಾಲು ಮಡಚಿ ಮಲಗಿ ನೋಡಿ, ಒಬ್ಬ ಬಾಣಂತಿಗೆ ಸಾಕು ಎಂದು ಹೇಳಿ ಚರ್ಚೆಯನ್ನು ಮುಗಿಸಿದರು.

ಜೀಪು ಕೊಳ್ಳಿರೆಂದು ಸಲಹೆ ಕೊಟ್ಟವರಿಗೂ ಅವರ ಬಳಿ ಉತ್ತರವಿತ್ತು. ರಕ್ತ ಹೋಗುತ್ತಿರುವ ಹೆಂಗಸು ಆ ಎತ್ತರ ಹತ್ತಲಾರಳು, ಹತ್ತಿದರೂ ಅದರ ಕುಲುಕಾಟ ತಾಳಲಾರಳು. ಬೇಕಾದದ್ದು ಇದೇ ತಗ್ಗಿನ, ಮೆತ್ತನೆಯ ಕಾರು. ಕೆಸರಿನಲ್ಲಿ ಹೂಳದಿದ್ದರೆ ಸಾಕು. ಅಂಥದ್ದನ್ನು ಯಾವ ಮಳಿಗೆಯೂ ಮಾರುತ್ತಿರಲಿಲ್ಲ. ಸಿಸ್ಟರಬಾಯಿ ನನ್ನನ್ನು ಮಿರಜಿನ ಒಬ್ಬ ಮಿಸ್ತ್ರಿಯ ಬಳಿಗೆ ಕರೆದೊಯ್ದರು.

ಮಿಸ್ತ್ರಿಯ ಮನೆತನ ಹಿಂದೆ ಸಂಸ್ಥಾನದ ಕತ್ತಿ ಸಾಣೆ ಹಿಡಿಯುತ್ತಿತ್ತು. ಕತ್ತಿಗಳಿಗೆ ಕೆಲಸವಿಲ್ಲದಾದ ಮೇಲೆ ದಾಯಾದಿಗಳಲ್ಲಿ ಕೆಲವರು ತಂಬೂರಿ ಮಾಡತೊಡಗಿದರು, ಇವರ ಅಜ್ಜ ಲೇಥಿನ ಮುಂದೆ ನಿಂತರು. ಓಣಿಯ ಒಂದು ಬದಿಗೆ ಒಣಗಲು ಇಟ್ಟ ದೊಡ್ಡ ಸೋರೆಬುರುಡೆಗಳು, ಇನ್ನೊಂದು ಬದಿಗೆ ಇವರ ತಗಡಿನ ಚಪ್ಪರ. ಅವರ ತಾಯಿಯ ತವರು ಅಥಣಿಯ ಕಡೆಗಿತ್ತಾದ್ದರಿಂದ ನಮ್ಮ ಮಾತು ಕನ್ನಡದಲ್ಲೇ ನಡೆಯಿತು. ನನ್ನ ಬೇಡಿಕೆಯನ್ನು ಪೂರ್ತಿ ಕೇಳಿದ ಮೇಲೂ ಅವರು ಕಾರನ್ನು ನೋಡಲೇ ಇಲ್ಲ. ಮೊದಲು ದಾರಿ ನೋಡಬೇಕೆಂದರು.

ಮಳೆಗಾಲದ ನಡುವೆ ಅವರು ನಮ್ಮೊಂದಿಗೆ ಸಾಂಗ್ಲಿವಾಡಿಯ ಆಚೆಗೆ ಬಂದು, ಪ್ಯಾಂಟು ಮಡಚಿ, ಆ ಬಂಡಿದಾರಿಯುದ್ದಕ್ಕೂ ನಡೆದರು. ಒಂಬತ್ತು ಕಡೆ ಕೆಸರಿನೊಳಗೆ ಉಕ್ಕಿನ ಅಳತೆಪಟ್ಟಿ ಇಳಿಸಿ, ಗಟ್ಟಿ ನೆಲ ಎಷ್ಟು ಆಳಕ್ಕೆ ಸಿಗುತ್ತದೆಂದು ಬೀಡಿ ಕಟ್ಟಿನ ಕಾಗದದ ಹಿಂಬದಿಗೆ ಬರೆದುಕೊಂಡರು. ಆ ದಾರಿಯ ಬಗ್ಗೆ ನಾನು ಅಷ್ಟರಲ್ಲಿ ಕಾರ್ಖಾನೆಗೆ ಹಲವಾರು ಅರ್ಜಿಗಳನ್ನು ಬರೆದಿದ್ದೆ. ಅದರ ಆಳ ಎಷ್ಟೆಂದು ಒಮ್ಮೆಯೂ ಅಳೆದಿರಲಿಲ್ಲ.

ಅವರ ಯೋಜನೆ ಸರಳವಾಗಿತ್ತು, ಆ ಸರಳತೆಗೆ ನಾನು ಇಂದಿಗೂ ಬೆರಗಾಗುತ್ತೇನೆ. ಆ ಕಾಲದಲ್ಲಿ ಹಿಂದಿನ ಗಾಲಿಗಳಿಂದ ಓಡುವ ಒಂದು ಪುಟ್ಟ ವ್ಯಾನು ಊರ ತುಂಬ ಇತ್ತು. ಅದರ ಗಾಲಿಯ ಅಳತೆಯೂ ನಮ್ಮ ಕಾರಿನ ಗಾಲಿಯ ಅಳತೆಯೂ ಒಂದೇ. ಅಂಥ ಎರಡು ವ್ಯಾನುಗಳ ಹಿಂದಿನ ಎಕ್ಸಲನ್ನು ಭಂಗಾರದಿಂದ, ಎಂದರೆ ಗುಜರಿ ಅಂಗಡಿಯಿಂದ, ತಂದರು. ಪ್ರತಿ ಎಕ್ಸಲಿನ ನಡುವೆ, ಉದ್ದಕ್ಕೆ ಬಂದ ಸುತ್ತನ್ನು ಅಡ್ಡಕ್ಕೆ ತಿರುಗಿಸುವ ಒಂದು ಜೋಡಿ ಹಲ್ಲಿನ ಚಕ್ರಗಳಿರುತ್ತವೆ: ಒಂದು ದೊಡ್ಡದು, ಒಂದು ಸಣ್ಣದು. ಒಂದು ಎಕ್ಸಲನ್ನು ಇಡಿಯಾಗಿ ಕಾರಿನ ಹಿಂದೆ ಕೂಡಿಸುವುದು. ಇನ್ನೊಂದರ ಚಕ್ರಜೋಡಿಯನ್ನು ಮಾತ್ರ ಬಿಚ್ಚಿ, ಹೊಸ ಪೆಟ್ಟಿಗೆಯಲ್ಲಿಟ್ಟು, ಮುಂದಿನ ಎಂಜಿನ್ನಿಗೆ ಜೋಡಿಸುವುದು. ಮುಂದಿನ ಜೋಡಿ ಎಷ್ಟು ಪಟ್ಟು ವೇಗ ಹೆಚ್ಚಿಸುತ್ತದೋ ಹಿಂದಿನ ಜೋಡಿ ಅಷ್ಟೇ ಪಟ್ಟು ತಗ್ಗಿಸುತ್ತದೆ, ಹೀಗಾಗಿ ನಾಲ್ಕೂ ಗಾಲಿಗಳು ಒಂದೇ ವೇಗದಲ್ಲಿ ತಿರುಗುತ್ತವೆ. ಡಾಂಬರಿನ ಮೇಲೆ ಹಿಂದಿನ ಗಾಲಿಗಳನ್ನು ಬಿಡಿಸಿಡಲು, ಕೆಸರು ಬಂದಾಗ ಕೂಡಿಸಲು ಒಂದು ಸನ್ನೆಕೋಲು. ಅದರ ತುದಿಗೆ ದಾಯಾದಿಯ ಅಂಗಡಿಯಿಂದ ತಂದ, ತಂಬೂರಿಯ ತಂತಿ ಬಿಗಿಯುವ ಮರದ ಕುಂಟಿ ಹಚ್ಚಿದ್ದರು. ಪೆಟ್ಟಿಗೆಯನ್ನು ಕುಪವಾಡದ ಎರಕದ ಕಾರ್ಖಾನೆಯಲ್ಲಿ ಹೊಯ್ಯಿಸಿದರು. ಕಾರಿನ ತಳ ಕೊಯ್ದು ಶಾಫ್ಟಿಗೆ ದಾರಿ ಮಾಡಿ, ಪೆಟ್ರೋಲ್ ಟಾಕಿಯನ್ನು ಒಂದು ಬದಿಗೆ ಸರಿಸಿದರು. ಇಷ್ಟನ್ನೂ ಮಾಡಿದ್ದು ಬೇರೆಯವರ ಗಾಡಿಗಳ ಕೆಲಸದ ನಡುವೆ, ಹಳೆಯ ಲೇಥೊಂದರ ಮೇಲೆ. ಕಾರಿನ ರೂಪ ಬದಲಿಸುತ್ತಿರುವುದಕ್ಕೆ ನಾನು ಸಾರಿಗೆ ಕಚೇರಿಯ ಒಪ್ಪಿಗೆ ಕೇಳಿ ಬರೆದಾಗ, ನನ್ನ ಕಸುಬಿನಲ್ಲಿ ಇಂಥ ಒಪ್ಪಿಗೆ ಕೇಳಿದವರನ್ನು ಮೊದಲ ಸಲ ನೋಡುತ್ತಿದ್ದೇನೆ ಎಂದು ಮಿಸ್ತ್ರಿ ನಕ್ಕರು. ಆದರೆ ತನಿಖೆಗೆ ಬಂದ ಅಧಿಕಾರಿಗೆ ಪ್ರತಿಯೊಂದು ಬೋಲ್ಟನ್ನೂ ತೋರಿಸಿ ಒಪ್ಪಿಗೆ ಪಡೆದವರೂ ಅವರೇ.

ಮೊದಲ ಪರೀಕ್ಷೆಯ ದಿನ ಕಾರನ್ನು ನಾಲ್ಕು ಕಡೆ ಜ್ಯಾಕಿನ ಮೇಲೆ ಎತ್ತಿ ನಿಲ್ಲಿಸಿದರು. ಎಂಜಿನ್ ಶುರುವಾಯಿತು, ಕುಂಟಿ ಎಳೆದರು. ಮುಂದಿನ ಗಾಲಿಗಳು ಮುಂದಕ್ಕೆ ಸುತ್ತಿದವು, ಹಿಂದಿನವು ಹಿಂದಕ್ಕೆ ಸುತ್ತಿದವು.

“ಹೊಸ ನಮೂನಿ ಗಾಡಿ ಆತು ಬಿಡ್ರಿ ಮಿಸ್ತ್ರಿ,” ಎಂದರು ಸಿಸ್ಟರಬಾಯಿ. “ಮುಂದಿನ ಸೀಟಿನವರು ಸಾಂಗ್ಲಿಗಿ, ಹಿಂದಿನ ಸೀಟಿನವರು ಮಿರಜಿಗಿ.”

ಎಲ್ಲರಿಗಿಂತ ಹೆಚ್ಚು ನಕ್ಕವರು ಮಿಸ್ತ್ರಿಯೇ. ಎರಡು ಜೋಡಿಗಳಲ್ಲೂ ದೊಡ್ಡ ಚಕ್ರವನ್ನು ಒಂದೇ ಬದಿಗೆ ಕೂಡಿಸಿದ್ದರಿಂದ ಹೀಗಾಗಿತ್ತು. ಮುಂದಿನದನ್ನು ಇನ್ನೊಂದು ಬದಿಗೆ ಹೊರಳಿಸಬೇಕು. ಹಾಗೆ ಹೊರಳಿಸಿದರೆ ಹಲ್ಲಿಗೆ ಹಲ್ಲು ಕೂಡುವ ಜಾಗವನ್ನು ಮತ್ತೆ ಮೊದಲಿನಿಂದ ಹೊಂದಿಸಬೇಕು. ದಸರೆ ಹತ್ತಿರ ಬಂದಿತ್ತು. ದೀಪಾವಳಿ ಮುಗಿದರೆ ಕಬ್ಬು ಕಡಿಯುವವರ ಟೋಳಿಗಳು ಬರುತ್ತವೆ. ಹಿಂದಿನ ವರ್ಷ ಕೂಸು ಕಳೆದುಕೊಂಡ ಹೆಂಗಸೂ ಬರುತ್ತಾಳೆ, ಮತ್ತೆ ಬಸುರಿ, ಈ ಸಲ ಬಂದ ಕೆಲವೇ ದಿನಗಳಲ್ಲಿ ಹೆರುತ್ತಾಳೆ ಎಂದು ಮುಕಾದಮನ ಕಡೆಯಿಂದ ಸುದ್ದಿ ತಿಳಿದಿತ್ತು.

ಖಂಡೇನವಮಿಯ ಮಧ್ಯಾಹ್ನ ಶಾಲೆ ಮುಗಿಸಿ ಚಪ್ಪರಕ್ಕೆ ಹೋದೆ. ಅಂದು ಆಯುಧಗಳಿಗೆ ಪೂಜೆ. ಓಣಿಯ ಗರಗಸಗಳಿಗೆ, ಉಳಿಗಳಿಗೆ, ನೀರಿನ ಪಂಪಿಗೆ ಕೂಡ ಅರಿಶಿನ ಕುಂಕುಮ, ಚೆಂಡುಹೂವಿನ ಮಾಲೆ. ಮಿಸ್ತ್ರಿ ಇರಲಿಲ್ಲ. ಮೇಜಿನ ಮೇಲೆ ನಮ್ಮ ಕಾರಿನ ಪೆಟ್ಟಿಗೆ ತೆರೆದಿತ್ತು. ಒಳಗಿನ ದೊಡ್ಡ ಚಕ್ರದ ಹಲ್ಲುಗಳಿಗೆಲ್ಲ ದಟ್ಟ ಹಳದಿ ಬಳಿದಿತ್ತು, ಪಕ್ಕದಲ್ಲಿ ಅರಿಶಿನದ ಹಿತ್ತಾಳೆ ಬಟ್ಟಲು.

ನನಗೆ ಸಿಟ್ಟು ಬಂತು. ಯಂತ್ರವನ್ನು ಅರಿತುಕೊಳ್ಳದೆ ಆರಾಧಿಸುವ ಅಭ್ಯಾಸದ ವಿರುದ್ಧ ಹಿಂದಿನ ವರ್ಷವಷ್ಟೇ ಲೇಖನ ಬರೆದಿದ್ದೆ. ಅದಕ್ಕಿಂತ ಹೆಚ್ಚಾಗಿ, ಪೂಜೆ ಮಾಡಿಸಿಯೇ ಗಾಡಿ ಹೊರಗೆ ತೆಗೆಯಿರಿ ಎಂದು ವ್ಯಾಪಾರಿ ಹೇಳಿದ್ದು ನೆನಪಾಯಿತು. ದಾನಿಯೊಬ್ಬನ ಮರ್ಜಿಗಾಗಿ ಒಬ್ಬ ಮುಸ್ಲಿಮ್ ಕಸುಬುದಾರ ತನ್ನದಲ್ಲದ ವಿಧಿಯನ್ನು ನಡೆಸಬೇಕಾಗಿ ಬಂದದ್ದು ನನಗೆ ಸ್ಪಷ್ಟ ಅನ್ಯಾಯವಾಗಿ ಕಂಡಿತು. ಅಲ್ಲೇ ಇದ್ದ ಬಟ್ಟೆಯನ್ನು ಸೀಮೆ ಎಣ್ಣೆಯಲ್ಲಿ ಅದ್ದಿ, ಒಂದೊಂದು ಹಲ್ಲನ್ನೂ ಬೆಳ್ಳಗೆ ಒರೆಸಿದೆ. ನಲವತ್ತೊಂದು ಹಲ್ಲುಗಳಿದ್ದವು. ನಾನು ಕೆಲಸವನ್ನು ಅರ್ಧಕ್ಕೆ ಬಿಡುವವಳಲ್ಲ.

ಮಿಸ್ತ್ರಿ ಕೈಯಲ್ಲಿ ತೆಳುವಾದ ತಗಡಿನ ಬಿಲ್ಲೆಗಳನ್ನು ಹಿಡಿದು ಬಂದರು. ಚಕ್ರವನ್ನು ನೋಡಿ ನಿಂತರು. ಯಾರು ಒರೆಸಿದ್ದೆಂದು ಕೇಳುವ ಮೊದಲೇ ನಾನು ಹೇಳಬೇಕಾದದ್ದನ್ನೆಲ್ಲ ಹೇಳಿದೆ: ಯಂತ್ರ ಕೇಳುವುದು ಎಣ್ಣೆಯನ್ನು, ಪೂಜೆಯನ್ನಲ್ಲ, ಯಾರ ಒತ್ತಾಯಕ್ಕೂ ನೀವು ಮಣಿಯಬೇಕಾಗಿಲ್ಲ, ವ್ಯಾಪಾರಿಗೆ ಉತ್ತರ ನಾನು ಕೊಡುತ್ತೇನೆ. ಅವರು ಕೊನೆಯ ತನಕ ತಲೆಯಾಡಿಸುತ್ತ ಕೇಳಿದರು.

“ಅದು ಪೂಜಾ ಅಲ್ರಿ ಬಾಯಾರ,” ಎಂದರು. “ನನ್ನ ಅಳತಿ ಅದು.”

ಆಮೇಲೆ ನನ್ನನ್ನು ಮೇಜಿನ ಬಳಿಗೆ ಕರೆದು, ಔಡಲೆಣ್ಣೆಯಲ್ಲಿ ಅರಿಶಿನ ಕಲೆಸಿ, ನಾಲ್ಕು ಹಲ್ಲುಗಳಿಗೆ ಹಚ್ಚಿ, ಸಣ್ಣ ಚಕ್ರವನ್ನು ಕೈಯಿಂದ ತಿರುಗಿಸಿ ತೋರಿಸಿದರು. ಹಲ್ಲಿಗೆ ಹಲ್ಲು ತಾಗಿದ ಕಡೆ ಹಳದಿ ಅಳಿಸಿ, ಉಗುರಿನಷ್ಟು ಉಕ್ಕು ಹೊಳೆಯುತ್ತಿತ್ತು.

“ಈ ಹೊಳಪು ಹಲ್ಲಿನ ನಟ್ಟನಡುವ ಬರಬೇಕು. ಅಂಚಿಗಿ ಬಂತಂದ್ರ, ಡಾಂಬರ ಮ್ಯಾಲ ಏನೂ ಆಗೂದಿಲ್ಲ. ಎರೀಮಣ್ಣಿನ್ಯಾಗ ಜೋರು ಬಿದ್ದಾಗ ಹಲ್ಲು ಮುರೀತೈತಿ. ಆವಾಗ ಸಿಸ್ಟರಬಾಯಿ ಮತ್ತ ನಡೀಬೇಕು.”

ಬೆಳಗಿನಿಂದ ನಾಲ್ಕು ಸಲ ಪೆಟ್ಟಿಗೆ ಮುಚ್ಚಿ, ತಿರುಗಿಸಿ, ತೆರೆದು, ಚಕ್ರದ ಹಿಂದೆ ಇಡುವ ಬಿಲ್ಲೆ ಬದಲಿಸಿ ಅವರು ಆ ಗುರುತನ್ನು ಅಂಚಿನಿಂದ ನಡುವಿಗೆ ತರುತ್ತಿದ್ದರು. ಐದನೆಯ ಸಲದ ಗುರುತನ್ನು ಓದುವ ಮೊದಲು ಇನ್ನಷ್ಟು ತೆಳುವಾದ ಬಿಲ್ಲೆ ತರಲು ಹೋಗಿದ್ದರು. ನಾನು ಒರೆಸಿ ಹಾಕಿದ್ದು ಆ ಓದನ್ನು. ನನ್ನ ಬಟ್ಟೆಯ ನೂಲಿನ ಎಳೆಗಳು ಬೇರಿಂಗಿನೊಳಗೂ ಸೇರಿದ್ದವು. ಎಲ್ಲವನ್ನೂ ತೊಳೆದು ಮತ್ತೆ ಶುರು ಮಾಡಬೇಕಿತ್ತು.

ಅರಿಶಿನವೇ ಏಕೆ ಎಂದು ಕೇಳಿದೆ. ಹಳೆಯ ಮಿಸ್ತ್ರಿಗಳು ಇದಕ್ಕೆ ಶೇಂದೂರ ಹಚ್ಚುತ್ತಿದ್ದರಂತೆ, ಮಾರುತಿಯ ಕಲ್ಲಿಗೆ ಬಳಿಯುತ್ತಾರಲ್ಲ, ಅದೇ ಕೇಸರಿ ಪುಡಿ.

“ನಮ್ಮ ಅಬ್ಬಾನೂ ಅದನ್ನ ಹಚ್ಚತಿದ್ರು. ಅದರಾಗ ಸೀಸಾ ಇರತೈತಿ. ಅದ ಕೈಲೆ ಭಾಕ್ರಿ ತಿಂದು ತಿಂದು, ಕಡೀಕ ಪಾನಾ ಹಿಡಿಯಾಕ ಬರದಾಂಗ ಕೈ ಜೋತುಬಿದ್ದು. ನಾ ಅರಿಶಿನ ಹಿಡದೇನಿ. ಸಾಂಗ್ಲಿ ಬಾಜೂಕಿದ್ದವಂಗ ಅರಿಶಿನಕ್ಕೇನ ಬರ?”

ಕಲ್ಲಿಗೆ ಶೇಂದೂರ ಬಳಿಯುವುದನ್ನು ಖಂಡಿಸಿ ನಾನು ಎಷ್ಟೋ ಸಭೆಗಳಲ್ಲಿ ಮಾತನಾಡಿದ್ದೆ. ಅದನ್ನು ದಿನವೂ ಮುಟ್ಟುವ ಕೈಗೆ ಏನಾಗುತ್ತದೆ ಎಂಬ ಪ್ರಶ್ನೆ ನನಗೆ ಎಂದೂ ಹೊಳೆದಿರಲಿಲ್ಲ. ಅಡುಗೆಮನೆಯ ಒಂದು ಪುಡಿಯಿಂದ ತನ್ನ ಕಸುಬಿನ ವಿಷವನ್ನು ಹೊರಹಾಕಿದ ಈ ಮನುಷ್ಯನಿಗೆ, ಯಂತ್ರವನ್ನು ಅರಿತುಕೊಳ್ಳಿರೆಂದು ನಾನು ಉಪದೇಶ ಮಾಡಿದ್ದೆ. ಕ್ಷಮೆ ಕೇಳಿದೆ. ಕ್ಷಮೆ ಆಮೇಲೆ, ಮೊದಲು ಶಾಫ್ಟು ತಿರುಗಿಸಿರಿ ಎಂದರು. ಅಂದು ಸಂಜೆಯ ತನಕ ನಾನು ತಿರುಗಿಸಿದೆ, ಅವರು ಓದಿದರು. ಎದುರಿನ ಅಂಗಡಿಯಲ್ಲಿ ಅವರ ದಾಯಾದಿ ತಂಬೂರಿಯ ತಂತಿಯ ಕೆಳಗೆ ನೂಲಿನ ಎಳೆಯೊಂದನ್ನು ಕೂದಲೆಳೆಯಷ್ಟು ಸರಿಸುತ್ತ, ಮೀಟುತ್ತ, ಮತ್ತೆ ಸರಿಸುತ್ತಿದ್ದರು. ಇವರು ಬಿಲ್ಲೆ ಬದಲಿಸುತ್ತಿದ್ದ ರೀತಿಯೂ ಅದೇ. ಎಂಟನೆಯ ಸಲಕ್ಕೆ ಹೊಳಪು ನಡುವಿಗೆ ಬಂತು.

ದೀಪಾವಳಿಯ ನಂತರ ಟೋಳಿ ಬಂತು, ಅದರ ಹಿಂದೆಯೇ ಅಕಾಲದ ಮಳೆ ಎರಡು ದಿನ ಹೊಡೆಯಿತು. ಮೂರನೆಯ ಬೆಳಿಗ್ಗೆ ಹಾಲಿನವನೊಬ್ಬ ಸೈಕಲ್ಲಿನ ಮೇಲೆ ಬಂದು, ಆ ಹೆಂಗಸಿಗೆ ನೋವು ಶುರುವಾಗಿದೆ ಎಂದ. ಸಿಸ್ಟರಬಾಯಿ ಚೀಲ ಹಿಡಿದು ಸಿದ್ಧರಿದ್ದರು. ಮೊದಲ ಕೆಸರಿಗೆ ತಾನಿಲ್ಲದೆ ಗಾಡಿ ಇಳಿಯಬಾರದೆಂದು ಮಿಸ್ತ್ರಿಯೂ ಬಂದರು. ಸೇತುವೆ ದಾಟಿ, ಡಾಂಬರು ಮುಗಿದಲ್ಲಿ ನಿಲ್ಲಿಸಿ, ನಾನು ಕುಂಟಿಯನ್ನು ಎಳೆದೆ. ಕೆಳಗೆಲ್ಲೋ ಉಕ್ಕು ಉಕ್ಕಿಗೆ ಕೂಡಿದ ಸಣ್ಣ ಸದ್ದು ಕೇಳಿಸಿತು.

ಹಿಂದಿನ ವರ್ಷ ಹೂತ ಜಾಗ ಬಂದಾಗ ಅದರ ಆಚೆ ಕಬ್ಬಿನ ಟ್ರ್ಯಾಕ್ಟರೊಂದು ಸಿಕ್ಕಿಬಿದ್ದಿತ್ತು. ಅದರ ಚಾಲಕ ನಮ್ಮ ಪುಟ್ಟ ಕಾರನ್ನು ಕಂಡು, ಹಿಂದೆ ಹೋಗಿರೆಂದು ಕೈ ಬೀಸಿದ. ಮಿಸ್ತ್ರಿ ಎಡಬದಿಯ ಹುಲ್ಲಿನ ಅಂಚನ್ನು ತೋರಿಸಿ, ವೇಗ ಹೆಚ್ಚಿಸದೆ, ಕಾಲು ಎತ್ತದೆ ಒಂದೇ ಸಮನೆ ನಡೆಸಿರಿ ಎಂದರು. ಮುಂದಿನ ಗಾಲಿಗಳು ಜಾರಿದವು. ಆಗ ಬೆನ್ನ ಹಿಂದಿನಿಂದ ಯಾರೋ ನೂಕಿದಂತೆ ಹಿಂದಿನ ಗಾಲಿಗಳು ಹಿಡಿದವು. ಕಾರು ಹೊಟ್ಟೆ ಎಳೆಯುತ್ತ, ನಿಧಾನವಾಗಿ, ನಿಲ್ಲದೆ ಟ್ರ್ಯಾಕ್ಟರನ್ನು ದಾಟಿತು. ಮಿಸ್ತ್ರಿ ಕಣ್ಣು ಮುಚ್ಚಿ ಪೆಟ್ಟಿಗೆಯ ಸದ್ದನ್ನಷ್ಟೇ ಕೇಳುತ್ತಿದ್ದರು.

ಸಿಸ್ಟರಬಾಯಿ ಗುಡಿಸಲಿನ ಬಾಗಿಲಲ್ಲಿ ಕೆಸರು ತಾಗದ ಚಪ್ಪಲಿಯೊಂದಿಗೆ ಇಳಿದರು. ಒಂದು ಗಂಟೆಯ ಮೇಲೆ ಕೂಸು ಬಂತು. ಈ ಸಲವೂ ಬಳ್ಳಿ ಕೊರಳಿಗೆ ಒಂದು ಸುತ್ತು ಬಿದ್ದಿತ್ತು. ಅವರ ಬೆರಳುಗಳು ಅದನ್ನು ಜಾರಿಸಿ ತೆಗೆದವು. ಹೊರಗೆ ನಿಂತ ನಮಗೆ ಮೊದಲು ಅಳು ಕೇಳಿಸಿತು, ಆಮೇಲೆ ಅವರ ದನಿ.

“ಹೆಣ್ಣು ಕೂಸು. ಈ ಸಲ ಹೊತ್ತಿಗಿ ಸರಿಯಾಗಿ ಮುಟ್ಟಿದ್ವಿ.”

ತಾಯಿಯನ್ನು ಒಂದೆರಡು ದಿನ ಆಸ್ಪತ್ರೆಯಲ್ಲಿಡಬೇಕೆಂದು ಹೇಳಿ ಹಿಂದಿನ ಸೀಟಿನಲ್ಲಿ ಮಲಗಿಸಿದರು. ನಾವು ಹೊರಡುವಷ್ಟರಲ್ಲಿ ಅವಳ ಅತ್ತೆ ಅರಿಶಿನ ಕುಂಕುಮದ ತಟ್ಟೆ ಹಿಡಿದು ಕಾರಿನ ಮುಂದೆ ಬಂದಳು. ಸಿಸ್ಟರಬಾಯಿಯೂ ಮಿಸ್ತ್ರಿಯೂ ಒಟ್ಟಿಗೆ ನನ್ನ ಮುಖ ನೋಡಿದರು. ನನ್ನ ಅಭಿಪ್ರಾಯ ಬದಲಾಗಿರಲಿಲ್ಲ, ಇಂದಿಗೂ ಆಗಿಲ್ಲ. ಆದರೂ ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.

“ಹಚ್ಚಲಿ ಬಿಡ್ರಿ ಬಾಯಾರ,” ಎಂದರು ಮಿಸ್ತ್ರಿ. “ಆದ್ರ ಅಷ್ಟು ಹೊರಗ ಹಚ್ಚಿದ್ರ ಹಲ್ಲು ಎಲ್ಲಿ ಕೂಡ್ಯಾವಂತ ಗೊತ್ತಾಗೂದಿಲ್ಲ.”

ಕಾರು ಗೆದ್ದಿತು ಎಂದು ಊರಿನವರು ಮಾತನಾಡಿದರು. ನನಗೆ ಆ ಮಾತು ಪೂರ್ತಿ ಒಪ್ಪಿಗೆಯಾಗಲಿಲ್ಲ. ಹಾಕಬೇಕಾದವರು ಹಾಕದ ರಸ್ತೆಯ ಕೆಲಸವನ್ನು ಒಬ್ಬ ಮಿಸ್ತ್ರಿ ಭಂಗಾರದ ಎರಡು ಎಕ್ಸಲುಗಳಿಂದ ಮಾಡಿದ್ದರು. ಅವರ ಜಾಣ್ಮೆ ದೊಡ್ಡದಾದಷ್ಟೂ ಆ ತಪ್ಪೂ ದೊಡ್ಡದೇ. ಮರುದಿನ ಕಾರ್ಖಾನೆಗೆ ಇನ್ನೊಂದು ಅರ್ಜಿ ಬರೆಯಲು ಕುಳಿತೆ. ಬರೆಯುವ ಮೊದಲು ಮಿರಜಿಗೆ ಹೋಗಿ, ಮಿಸ್ತ್ರಿಯ ಬಳಿ ಇನ್ನೂ ಉಳಿದಿದ್ದ ಆ ಬೀಡಿ ಕಟ್ಟಿನ ಕಾಗದವನ್ನು ಕೇಳಿ ತಂದೆ. ‘ಅಮಾನವೀಯ’, ‘ಶೋಚನೀಯ’ ಎಂದು ಹಿಂದಿನ ಅರ್ಜಿಗಳಲ್ಲಿ ಬರೆಯುತ್ತಿದ್ದ ಜಾಗದಲ್ಲಿ ಈ ಸಲ ಒಂಬತ್ತು ಅಳತೆಗಳನ್ನು ಬರೆದೆ: ಯಾವ ಬದುವಿನ ಬಳಿ, ಯಾವ ಬೇವಿನ ಮರದ ಕೆಳಗೆ, ಗಟ್ಟಿ ನೆಲಕ್ಕೆ ಎಷ್ಟು ಅಂಗುಲ.

ಬೇಸಿಗೆಗೆ ಗರಸು ಬಂತು. ಅದನ್ನು ಒಂಬತ್ತರಲ್ಲಿ ಐದು ಕಡೆಗಳವರೆಗೆ ಮಾತ್ರ, ಕಾರ್ಖಾನೆಯ ಸ್ವಂತ ಪಂಪ್ ಮನೆ ಇರುವ ತನಕ ಹಾಕಿದರು. ಉಳಿದ ನಾಲ್ಕಕ್ಕೆ ಮುಂದಿನ ವರ್ಷವೂ ನಾವು ಕುಂಟಿ ಎಳೆಯಬೇಕಾಯಿತು. ಆ ನಾಲ್ಕರ ಅಳತೆಯನ್ನು ಆ ಮಳೆಗಾಲದಲ್ಲಿ ನಾನೇ ಕೆಸರಿಗಿಳಿದು ತೆಗೆದುಕೊಂಡೆ. ಅಳತೆಪಟ್ಟಿ ಮಿಸ್ತ್ರಿಯದೇ.